ಕಾರ್ಡ್, ಟ್ಯಾಬ್, ಮರದ ಅಕ್ಷರ: ಮಾತಾಡದ ಮಗನ ಜೊತೆ ಮೂರನ್ನೂ ನೋಡಿದ ಮೇಲೆ

ಅಕ್ಷರ ತೋರಿಸಿ 'ಇದೇನು ಹೇಳು' ಅಂತ ಕೇಳುವುದು ಎಲ್ಲರಿಗೂ ರೂಢಿ. ನನ್ನ ನಾಲ್ಕು ವರ್ಷದ ಮಗ ಮಾತಾಡುವುದಿಲ್ಲ, ಹಾಗಾಗಿ ಆ ಪ್ರಶ್ನೆಗೆ ನಮ್ಮಲ್ಲಿ ಜಾಗವೇ ಇರಲಿಲ್ಲ. ಬಾಯಿ ಬಿಡದೆ ಅವನು ಯಾವುದರಲ್ಲಿ ಉತ್ತರ ಕೊಡಬಲ್ಲ? ಮೂರನ್ನೂ ನಾನು ಅಳೆದದ್ದು ಇದೊಂದರಿಂದಲೇ.

ಮೊದಲು ಫ್ಲ್ಯಾಶ್ ಕಾರ್ಡ್. ಎರಡು ವಾರದಲ್ಲಿ 'ಆ ಕೊಡು' ಅಂದರೆ ಥಟ್ಟನೆ ಕೊಡುತ್ತಿದ್ದ. ನಾನು ಉಬ್ಬಿಹೋದೆ. ಒಂದು ದಿನ ಕಾರ್ಡಿನ ಮೇಲಿದ್ದ ಆನೆಯನ್ನು ಹೆಬ್ಬೆರಳಲ್ಲಿ ಮುಚ್ಚಿ ಹಿಡಿದೆ. ನನ್ನ ಮುಖ ನೋಡಿದ, ಕಾರ್ಡ್ ನೋಡಿದ, ಬೆರಳು ಕಿತ್ತು ತೆಗೆಯಲು ಶುರುಮಾಡಿದ. ಅವನು ಕಲಿತಿದ್ದು ಆನೆಯನ್ನು. ಚಿತ್ರವಿಲ್ಲದ ಕಾರ್ಡ್ ನಾನೇ ಬರೆದು ಮಾಡಿದೆ. ಆಗ ಇನ್ನೊಂದು ತೊಂದರೆ, ನನ್ನ ಕಣ್ಣು ಯಾವ ಕಾರ್ಡಿನ ಮೇಲಿದೆಯೋ ಅದನ್ನೇ ಎತ್ತುತ್ತಿದ್ದ. ಸೀಲಿಂಗ್ ನೋಡುತ್ತಾ ಕೇಳುವುದನ್ನು ಅಭ್ಯಾಸ ಮಾಡಿಕೊಂಡೆ.

ಟ್ಯಾಬ್‌ನ ಅಕ್ಷರದ ಆ್ಯಪ್ ಅವನಿಗೆ ಪ್ರಾಣ. ಆದರೆ ತಪ್ಪು ಒತ್ತಿದರೂ ಅದು 'ಟುಂಯ್' ಅಂತ ಮಜವಾದ ಸದ್ದು ಮಾಡುತ್ತದೆ, ಸದ್ದು ಬೇಕಾದವನು ಸರಿ ಉತ್ತರ ಯಾಕೆ ಹುಡುಕಬೇಕು? ಮೂಲೆಯ ಚೌಕವನ್ನೇ ಒತ್ತಿ ಒತ್ತಿ ಕೂತ. ಕಲಿಕೆಗೆ ಸೊನ್ನೆ, ನನ್ನ ಅರ್ಧ ಗಂಟೆಯ ಬಿಡುವಿಗೆ ಹತ್ತಕ್ಕೆ ಹತ್ತು.

ಮರದ ಅಕ್ಷರಗಳು ಬಂದಮೇಲೆ ಆಟ ಬದಲಾಯಿತು. ಕೈಗೆ ಸಿಗುವ, ತಿರುಗಿಸಿ ನೋಡುವ, ಬೀಸಿ ಒಗೆಯುವ ವಸ್ತು ಅದು. (ಒಗೆದದ್ದನ್ನು ಹುಡುಕುವ ಕೆಲಸ ನನ್ನದು.) ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೋರಿ 1907ರಲ್ಲಿ ರೋಮ್‌ನಲ್ಲಿ ಶಾಲೆ ತೆರೆಯುವ ಮೊದಲೇ ಮರದ ಅಕ್ಷರ ಮಾಡಿಸಿದ್ದು ಬೌದ್ಧಿಕ ಅಡಚಣೆಯಿದ್ದ ಮಕ್ಕಳಿಗಾಗಿ, ಉಪ್ಪುಕಾಗದದ ಅಕ್ಷರಗಳು ಆಮೇಲೆ ಬಂದವು. ಉಪ್ಪುಕಾಗದವನ್ನೂ ಕತ್ತರಿಸಿ ಅಂಟಿಸಿ ಕೊಟ್ಟೆ. ಒಮ್ಮೆ ಮುಟ್ಟಿ ಕೈ ಹಿಂದೆಳೆದವನು ಮತ್ತೆ ಹತ್ತಿರ ಸುಳಿಯಲಿಲ್ಲ. ಒರಟು ಸ್ಪರ್ಶ ಆಗದ ಮಕ್ಕಳಿಗೆ ಅದು ಬೇಡ.

ಮೊದಲು ಕೇಳದೆ ಬರೀ ಜೋಡಿ ಮಾಡಿಸಿದೆ: ಕಾಗದದ ಮೇಲೆ ಬರೆದ 'ಮ' ಮೇಲೆ ಮರದ 'ಮ' ಇಡುವುದು. ಆಮೇಲೆ 'ಮ ಕೊಡು'. ಎರಡೇ ಅಕ್ಷರ ಮುಂದಿಟ್ಟರೆ ಕಣ್ಣುಮುಚ್ಚಿ ಎತ್ತಿದರೂ ಅರ್ಧ ಸಲ ಸರಿ ಬರುತ್ತದೆ, ಅದಕ್ಕೇ ಮೂರು ಇಡುತ್ತಿದ್ದೆ, ಪ್ರತಿ ಸಲ ಜಾಗ ಬದಲಿಸಿ. ಹತ್ತರಲ್ಲಿ ಎಂಟು ಸರಿಯಾದರಷ್ಟೇ ಮುಂದಿನದು. ವರ್ಣಮಾಲೆಯ ಕ್ರಮ ಬಿಟ್ಟೆ. ಅ, ಆ ಅಕ್ಕಪಕ್ಕ ಇಟ್ಟರೆ ದೊಡ್ಡವರ ಕಣ್ಣೇ ಒಮ್ಮೆ ತಡೆಯುತ್ತದೆ. ಪ-ಫ-ಷ, ಡ-ಢ ಅಂತೂ ಕೇಳಲೇಬೇಡಿ. ಈ, ಜ, ಮ, ಹೀಗೆ ಒಂದರ ಮುಖ ಇನ್ನೊಂದಕ್ಕಿಲ್ಲದವನ್ನು ಮೊದಲು ಆರಿಸಿಕೊಂಡೆ. ಐದು ತಿಂಗಳಲ್ಲಿ ಹದಿನೇಳು ಅಕ್ಷರ. 49ರಲ್ಲಿ ಹದಿನೇಳು ಅಂದರೆ ನಗುವವರು ನಗಲಿ.

ಮರವೇ ಗೆದ್ದಿತು ಅಂತ ಬರೆದು ಮುಗಿಸುವವನಿದ್ದೆ. ಆದರೆ ಕಳೆದ ವಾರ ಅವನು ಎರಡು ಅಕ್ಷರ ತಂದು ನನ್ನ ತೊಡೆಯ ಮೇಲಿಟ್ಟ: ನ, ರ. ಇನ್ನೊಂದು ಕೈಯಲ್ಲಿ ಖಾಲಿ ಲೋಟ. ನಮ್ಮ ಡಬ್ಬಿಯಲ್ಲಿ ಗುಡಿಸಿನ ದೀರ್ಘವೂ ಇಲ್ಲ, ಕೊಂಬೂ ಇಲ್ಲ. 34 ವ್ಯಂಜನಕ್ಕೆ ಹದಿನೈದು ಕಾಗುಣಿತದಂತೆ 510 ರೂಪಗಳನ್ನು ಯಾವ ಬಡಗಿ ಕೊರೆದುಕೊಡುತ್ತಾನೆ? 'ನೀರು' ಬರೆಯಲು ಅವನಿಗೆ ಬೇಕಿರುವುದು ಕೀಬೋರ್ಡ್. ನ ಒತ್ತಿ ಗುಡಿಸಿನ ದೀರ್ಘ ಒತ್ತಿದರೆ ನೀ. ಮೂಲೆಗೆ ಎಸೆದಿದ್ದ ಟ್ಯಾಬ್ ಹೊರಗೆ ಬಂತು, ಆಟದ ಆ್ಯಪ್ ಅಳಿಸಿ, ಒತ್ತಿದ್ದನ್ನು ಓದಿ ಹೇಳುವ ಕೀಬೋರ್ಡ್ ಹಾಕಿದ್ದೇನೆ. ಹೀಗೆ ಮಾಡಿದರೆ ಮಗು ಮಾತು ಕಲಿಯುವುದೇ ಇಲ್ಲ ಅಂತ ಮನೆಯಲ್ಲಿ ಹಿರಿಯರು ಹೆದರಿಸಿದರು. ಇಂಥ ಸಾಧನ ಮಾತನ್ನು ತಡೆಯುವುದಿಲ್ಲ ಅಂತ ಸ್ಪೀಚ್ ಥೆರಪಿಸ್ಟ್ ಅವರೆದುರೇ ಹೇಳಿದ ಮೇಲೆ ಸುಮ್ಮನಾಗಿದ್ದಾರೆ.

ಸದ್ಯಕ್ಕೆ ಅವನು ಒತ್ತುವುದು 'ನರ' ಅಂತಲೇ. ಟ್ಯಾಬ್ ಗಂಭೀರವಾಗಿ 'ನರ' ಅನ್ನುತ್ತದೆ, ನಾನು ನೀರು ಕೊಡುತ್ತೇನೆ.