ಜಾಥಾ ಮಾಡೋದಾ, ಓಣಿಯಲ್ಲಿ ಕೂರೋದಾ?

ಸಂಘದ ಸ್ವಲ್ಪ ದುಡ್ಡನ್ನು ಮನಸ್ಸಿನ ಆರೋಗ್ಯದ ಜಾಥಾಕ್ಕೆ ಹಾಕೋದಾ, ಓಣಿಯಲ್ಲಿ ತಿಂಗಳಿಗೊಮ್ಮೆ ಕೂತು ಮಾತಾಡೋ ಕೂಟಕ್ಕಾ ಅಂತ ಕೇಳಿದ್ದೀರಿ.

ಖರ್ಚು ಜಾಥಾಕ್ಕೇ ಜಾಸ್ತಿ: ಬ್ಯಾನರ್, ಮೈಕ್, ಊಟ. ಕೂಟಕ್ಕೆ ಜಮಖಾನೆ, ಚಹಾ, ಚುರುಮುರಿ ಸಾಕು. ಆದರೆ ಜನರ ಕಣ್ಣಿಗೆ ಬೀಳೋದು ಜಾಥಾ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ 14416 ಎಂದು ದೊಡ್ಡದಾಗಿ ಬರೆದ ಚೀಟಿ ಹಂಚಬಹುದು. ಅದು ಟೆಲಿ ಮಾನಸ್, ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ, 2022ರಿಂದ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬಾಳಿಕೆ ಮಾತ್ರ ಕೂಟದ್ದೇ. ಗುಳೆ ಹೋದ ಮಗನ ಫೋನ್ ಬಂದಿಲ್ಲ ಅಂತ ನಿದ್ದೆಗೆಟ್ಟ ತಾಯಿ ಮೈಕ್ ಮುಂದೆ ಹೇಳ್ತಾಳಾ? ತೊಗರಿ ಹಸನು ಮಾಡ್ತಾ, ಮೂರನೇ ಸಲ ಕೂತಾಗ ಹೇಳಬಹುದು. ಅದಕ್ಕೆ ತಪ್ಪದೆ ಬರುವ, ಬಾಯಿ ಬಿಗಿ ಇರುವ ಇಬ್ಬರು ಬೇಕು.

ಹೊಸ ಊರಾದರೆ ಮೊದಲು ಜಾಥಾ. ಪರಿಚಯದ ಓಣಿಯಾದರೆ ನೇರ ಕೂಟ. ಯಾರಾದರೂ ಸಾಯುವ ಮಾತಾಡಿದರೆ ಎರಡೂ ಸಾಲದು. ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.