ಶಿರಸಿಯಲ್ಲಿ ಮಾಡಿಸುವ ಮಡಚುವ ತೆರೆ: ಬೆತ್ತದ್ದು ಒಯ್ಯಿರಿ, ಬಿಜಾಗರಿ ಬದಲಿಸಿಕೊಳ್ಳಿ

ಶಿರಸಿಯ ಮರಗೆಲಸದ ಅಂಗಡಿಯೊಂದು ಈಗ ಮೂರು ಬಗೆಯ ಮಡಚುವ ತೆರೆಗಳನ್ನು ಮಾಡಿಕೊಡುತ್ತಿದೆ. ಸಾಗವಾನಿ ಚೌಕಟ್ಟಿಗೆ ಬೆತ್ತದ ನೇಯ್ಗೆ ಕೂರಿಸಿದ್ದು ಒಂದು, ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ) ಹಲಗೆಯಲ್ಲಿ ಮೆಷಿನ್ನಿಂದ ಜಾಲಿ, ಅಂದರೆ ತೂತುತೂತಿನ ಜಾಲರಿ, ಕೊರೆದದ್ದು ಇನ್ನೊಂದು, ಕ್ಯಾನ್ವಾಸಿನ ಮೇಲೆ ಯಕ್ಷಗಾನದ ವೇಷ ಬರೆದದ್ದು ಮತ್ತೊಂದು. ‘ಫೋಲ್ಡಿಂಗ್ ಪಾರ್ಟಿಷನ್’ ಎಂದು ಕೇಳಿದರೆ ಅಂಗಡಿಯಲ್ಲಿ ಬೇಗ ಗೊತ್ತಾಗುತ್ತದೆ. ಬೆತ್ತದ್ದನ್ನು ಕಾರವಾರದಿಂದ ಭಟ್ಕಳದವರೆಗಿನ ಯಾವ ಮನೆಗೂ ಧೈರ್ಯವಾಗಿ ಒಯ್ಯಬಹುದು, ಬಿಜಾಗರಿ ಬದಲಾಯಿಸಿಕೊಂಡರೆ. ಜಾಲಿಯದ್ದು ಬೇಡ. ಕ್ಯಾನ್ವಾಸಿನದರ ಬಗ್ಗೆ ಸ್ವಲ್ಪ ಮಾತಾಡಬೇಕಿದೆ.

ಅಂಗಡಿಯಲ್ಲಿ ಮೂರನ್ನೂ ಪೂರ್ತಿ ಬಿಚ್ಚಿ ಗೋಡೆಗೆ ಒರಗಿಸಿ ತೋರಿಸುತ್ತಾರೆ. ತೆರೆಯನ್ನು ಹಾಗೆ ನೋಡಿ ಕೊಳ್ಳಬಾರದು. ನಡುನೆಲಕ್ಕೆ ತರಿಸಿ, ಅಂಕುಡೊಂಕಾಗಿ ನಿಲ್ಲಿಸಿ ನೋಡಿ. ಅದು ಬೀಳದೆ ನಿಲ್ಲುವುದೂ ಚೆಂದ ಕಾಣುವುದೂ ಆ ಮಡಿಕೆಯಿಂದಲೇ. ಅಳತೆಯ ಲೆಕ್ಕ ತಪ್ಪುವುದೂ ಇಲ್ಲಿಯೇ. 20 ಇಂಚು ಅಗಲದ ನಾಲ್ಕು ಹಲಗೆ ಎಂದರೆ 80 ಇಂಚು ಎಂದುಕೊಂಡು ಹೋಗುತ್ತೇವೆ. ಹಲಗೆಗಳ ನಡುವೆ 120 ಡಿಗ್ರಿ ಕೋನ ಇಟ್ಟು ನಿಲ್ಲಿಸಿದರೆ ಅದು ಮುಚ್ಚುವುದು 69 ಇಂಚು ಮಾತ್ರ. ನೆಲದ ಮೇಲೆ 10 ಇಂಚು ಆಳ ಬೇಕು. ಉಳಿದ ಜಾಗವನ್ನೂ ಮುಚ್ಚುವ ಆಸೆಗೆ 150 ಡಿಗ್ರಿಯವರೆಗೆ ಎಳೆದರೆ ಉದ್ದ 77 ಇಂಚು ಸಿಗುತ್ತದೆ, ಆದರೆ ಆಳ 5 ಇಂಚಿಗೆ ಇಳಿಯುತ್ತದೆ. ಆರಡಿ ಎತ್ತರದ ವಸ್ತು ಐದು ಇಂಚು ಪಾದದ ಮೇಲೆ ನಿಂತರೆ, ಮಗು ಕೈ ತಾಗಿಸಿದರೂ ಬೀಳುತ್ತದೆ. ಏಳಡಿ ತೆರವು ಮುಚ್ಚಬೇಕಾದರೆ ಐದು ಹಲಗೆಯದನ್ನೇ ಹೇಳಿ ಮಾಡಿಸಿ. 120 ಡಿಗ್ರಿಯಲ್ಲಿ ಅದು ಸುಮಾರು 86 ಇಂಚು ಬರುತ್ತದೆ.

ಬೆತ್ತದ ತೆರೆಯ ಚೌಕಟ್ಟು ಒಳ್ಳೆಯ ಕೆಲಸ. ಎರಡು ಇಂಚು ಅಗಲ, ಒಂದೂಕಾಲು ಇಂಚು ದಪ್ಪದ ಪಟ್ಟಿಗಳು. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ಕೊರೆದು ಉದ್ದಪಟ್ಟಿಯ ತೂತಿಗೆ ಕೂರಿಸಿ, ಹೊರಗಿನಿಂದ ಮರದ ಬೆಣೆ ಹೊಡೆದಿದ್ದಾರೆ. ಮೊಳೆ ಇಲ್ಲ. ಮೇಲೆ, ಕೆಳಗೆ ಮತ್ತು ನಡುವೆ ಹೀಗೆ ಮೂರು ಅಡ್ಡಪಟ್ಟಿ ಇರುವುದರಿಂದ ಹಲಗೆ ಓರೆಯಾಗುವುದಿಲ್ಲ. ನಾಲ್ಕೂ ಹಲಗೆ ಸೇರಿ ತೂಕ 22–23 ಕಿಲೋ. ಒಬ್ಬರು ಸರಿಸಬಹುದು, ಎತ್ತಲು ಇಬ್ಬರು ಬೇಕು. ಪಾಲಿಶ್ ತೆಳುವಾಗಿದೆ, ಆದರೆ ಎಲ್ಲ ಬದಿಗೂ ಬಿದ್ದಿದೆ. ಮುಂಬದಿಗೆ ಮಾತ್ರ ಪಾಲಿಶ್ ಹಾಕಿದ ಮರ ಮಳೆಗಾಲದಲ್ಲಿ ಹಿಂಬದಿಯಿಂದ ತೇವ ಕುಡಿದು ಬಾಗುತ್ತದೆ.

ದೂರು ಇರುವುದು ಬಿಜಾಗರಿಯ ಬಗ್ಗೆ. ಅಂಗಡಿಯವರು ಹಾಕುವುದು ಹಿತ್ತಾಳೆ ಬಣ್ಣ ಲೇಪಿಸಿದ ಕಬ್ಬಿಣ. ಆಯಸ್ಕಾಂತ ಹಿಡಿದರೆ ತಕ್ಷಣ ತಿಳಿಯುತ್ತದೆ, ಅಪ್ಪಟ ಹಿತ್ತಾಳೆಗೆ ಅಂಟುವುದಿಲ್ಲ. ಶಿರಸಿಯಲ್ಲಿ ಅದು ನಾಲ್ಕಾರು ವರ್ಷ ತಾಳೀತು. ಕಾರವಾರ, ಅಂಕೋಲೆಯ ಉಪ್ಪುಗಾಳಿಯಲ್ಲಿ ಮೊದಲು ಸ್ಕ್ರೂವಿನ ತಲೆ ಕೆಂಪಾಗುತ್ತದೆ, ಆಮೇಲೆ ತುಕ್ಕಿನ ನೀರು ಮರಕ್ಕೆ ಇಳಿದು ಕಲೆ ಹಿಡಿಯುತ್ತದೆ. ಆ ಕಲೆ ಉಜ್ಜಿದರೂ ಹೋಗದು. ಮೂರು ಇಂಚಿನ ಅಪ್ಪಟ ಹಿತ್ತಾಳೆಯವನ್ನೇ ಕೇಳಿ, ಒಂದು ಜೋಡಣೆಗೆ ಮೂರರಂತೆ ಒಟ್ಟು ಒಂಬತ್ತು. ಎರಡೇ ಹಾಕಿದರೆ ಎತ್ತರದ ಹಲಗೆ ನಡುವಿನಲ್ಲಿ ಬಾಯಿ ಬಿಡುತ್ತದೆ. ಹಿತ್ತಾಳೆ ಸ್ಕ್ರೂ ಮೆದು. ಸಾಗವಾನಿಗೆ ನೇರ ತಿರುಗಿಸಿದರೆ ತಲೆ ಕಿತ್ತು ಹೋಗುತ್ತದೆ, ಇಲ್ಲವೇ ಕತ್ತು ಮುರಿದು ಒಳಗೇ ಉಳಿಯುತ್ತದೆ. ಮೊದಲು ತೂತು ಕೊರೆದು, ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ತೆಗೆದು ದಾರಿ ಮಾಡಿ, ಬಳಿಕ ಹಿತ್ತಾಳೆಯದಕ್ಕೆ ಮೇಣ ಸವರಿ ಕೂರಿಸಬೇಕು. ಅವಸರದ ಆಚಾರಿ ಇದನ್ನು ಮಾಡುವುದಿಲ್ಲ. ಎದುರು ನಿಂತು ಮಾಡಿಸಿ.

ಬಿಜಾಗರಿ ಯಾವ ಬದಿಗೆ ಕೂತಿದೆ ಎಂಬುದನ್ನೂ ನೋಡಬೇಕು. ಮೊದಲ ಮತ್ತು ಮೂರನೆಯ ಜೋಡಣೆಗೆ ಹಿಂಬದಿಯಲ್ಲಿ, ನಡುವಿನದಕ್ಕೆ ಮುಂಬದಿಯಲ್ಲಿ ಇದ್ದರೆ ಮಾತ್ರ ತೆರೆ ಅಂಕುಡೊಂಕಾಗುತ್ತದೆ. ಮೂರನ್ನೂ ಒಂದೇ ಬದಿಗೆ ಹೊಡೆದರೆ ಅದು ಸುರುಳಿಯಾಗಿ ಒಳಕ್ಕೆ ತಿರುಗುತ್ತದೆ, ಚಪ್ಪಟೆಯಾಗಿ ಮಡಿಸಿಡಲು ಬರುವುದಿಲ್ಲ. ಎರಡೂ ಕಡೆ ತಿರುಗುವ ಡಬಲ್ ಆ್ಯಕ್ಷನ್ ಬಿಜಾಗರಿ ಹಾಕಿಸಿದರೆ ಈ ತಲೆನೋವು ಇಲ್ಲ, ಆದರೆ ಹಲಗೆಗಳ ನಡುವೆ ಸಂದು ಉಳಿದು ಆಚೆಯ ಬೆಳಕು ಗೀರಾಗಿ ಕಾಣುತ್ತದೆ. ಬಟ್ಟೆ ಬದಲಿಸುವ ಮರೆಗೆಂದು ಒಯ್ಯುವವರು ಇದನ್ನು ಮೊದಲೇ ಯೋಚಿಸಲಿ.

ಈ ಸಂದನ್ನು ಎಲ್ಲರಿಗಿಂತ ಜಾಣತನದಿಂದ ಗೆದ್ದವರು ಜಪಾನಿನವರು. ಅಲ್ಲಿ ಮೊದಮೊದಲು ಹಲಗೆಗಳನ್ನು ಚರ್ಮದ ಅಥವಾ ರೇಷ್ಮೆಯ ದಾರದಿಂದ ಕಟ್ಟುತ್ತಿದ್ದರು, ಪ್ರತಿ ಹಲಗೆಗೂ ಸುತ್ತ ಜರಿಯಂಚು, ಪ್ರತಿಯೊಂದರಲ್ಲೂ ಬೇರೆಯೇ ಚಿತ್ರ. 14ನೆಯ ಶತಮಾನದ ಹೊತ್ತಿಗೆ ಕಾಗದದ ಕೀಲು ಬಂತು. ಗಟ್ಟಿ ಕಾಗದದ ಪಟ್ಟಿಗಳನ್ನು ಒಂದು ಹಲಗೆಯ ಮುಂದಿನಿಂದ ಇನ್ನೊಂದರ ಹಿಂದಕ್ಕೆ, ಮರುಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಹೆಣೆದು ಅಂಟಿಸುತ್ತಾರೆ. ಆ ಕೀಲು ಎರಡೂ ಕಡೆ ಮಡಚುತ್ತದೆ, ಸಂದು ಇಲ್ಲ, ತುಕ್ಕಿನ ಮಾತೇ ಇಲ್ಲ. ಆರು ಹಲಗೆಗಳ ಉದ್ದಕ್ಕೂ ಒಂದೇ ಚಿತ್ರ ಹರಿಯಲು ಸಾಧ್ಯವಾದದ್ದು ಆಮೇಲೆ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1946ರಲ್ಲಿ ಬಾಗಿಸಿದ ಪ್ಲೈವುಡ್ಡಿನ ತೆರೆ ಮಾಡಿದಾಗಲೂ ಲೋಹ ಬಿಟ್ಟು, ಹಲಗೆಯ ಪೂರ್ತಿ ಎತ್ತರಕ್ಕೆ ಕ್ಯಾನ್ವಾಸಿನ ಪಟ್ಟಿಯನ್ನೇ ಕೀಲಾಗಿ ಬಳಸಿದರು. ನಮ್ಮ ಕರಾವಳಿಗೆ ಇದು ಹೇಳಿ ಮಾಡಿಸಿದ ಉಪಾಯ. ಹಗುರವಾದ ಬೆತ್ತದ ಹಲಗೆಗೆ ದಪ್ಪ ಕ್ಯಾನ್ವಾಸಿನ ಕೀಲು ಧಾರಾಳ ಸಾಕು. ಅಂಗಡಿಯವರಿಗೆ ಇದು ಹೊಸತು, ಆದರೆ ಚಿತ್ರ ತೋರಿಸಿ ಕೇಳಿದರೆ ಮಾಡಿಕೊಡದಷ್ಟು ಕಷ್ಟದ ಕೆಲಸವಲ್ಲ.

ಬೆತ್ತದ ನೇಯ್ಗೆಯನ್ನು ಅರ್ಧ ಮುಕ್ಕಾಲು ಗಂಟೆ ನೀರಿನಲ್ಲಿ ನೆನೆಸಿ, ಚೌಕಟ್ಟಿನ ಗಾಡಿಗೆ (ಉದ್ದಕ್ಕೂ ಕೊರೆದ ತೋಡಿಗೆ) ಒತ್ತಿ, ಮೇಲೆ ಬೆತ್ತದ ಸಣ್ಣ ಪಟ್ಟಿಯನ್ನು ಅಂಟಿನೊಡನೆ ಹೊಡೆದು ಬಂದೋಬಸ್ತು ಮಾಡುತ್ತಾರೆ. ಒಣಗುತ್ತ ಅದು ತಾನೇ ಬಿಗಿಯುತ್ತದೆ. ಬೆರಳಿನಿಂದ ತಟ್ಟಿದರೆ ಚಂಡೆಯಷ್ಟಲ್ಲದಿದ್ದರೂ ಒಂದು ಟಪ್ಪೆನ್ನುವ ಸದ್ದು ಬರಬೇಕು. ಒಣ ನೇಯ್ಗೆಯನ್ನೇ ಕೂರಿಸಿದ್ದರೆ ಮೊದಲ ಮಳೆಗಾಲಕ್ಕೇ ಜೋಲುತ್ತದೆ. ಪ್ಲಾಸ್ಟಿಕ್ಕಿನ ನೇಯ್ಗೆಯೂ ಇದೇ ಬಣ್ಣದಲ್ಲಿ ಸಿಗುತ್ತದೆ. ಅಸಲಿ ಬೆತ್ತದ ಹೊರಮೈ ಮಿರುಗುತ್ತದೆ, ಒಳಮೈ ಮಂಕಾಗಿ ನಾರುನಾರಾಗಿರುತ್ತದೆ; ಪ್ಲಾಸ್ಟಿಕ್ ಎರಡೂ ಕಡೆ ಒಂದೇ. ಬೂಷ್ಟು ಹಿಡಿಯುವುದು ಆ ಒಳಮೈಗೆ. ಹಾಗಾಗಿ ಅದನ್ನು ಗೋಡೆಯ ಕಡೆಗಲ್ಲ, ಗಾಳಿಯಾಡುವ ಕಡೆಗೆ ತಿರುಗಿಸಿ ನಿಲ್ಲಿಸಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೆರೆಯನ್ನು ಮಡಿಸಿ ಮೆತ್ತಿನಲ್ಲೋ ಬಾಗಿಲ ಹಿಂದೋ ಇಟ್ಟರೆ ಅಕ್ಟೋಬರಿನಲ್ಲಿ ಹಸಿರು ಹಿಡಿದು ಸಿಗುತ್ತದೆ. ಮಡಿಸಲೇಬೇಕೆಂದಿದ್ದರೆ ಹಲಗೆಗಳ ನಡುವೆ ಬೆರಳು ದಪ್ಪದ ಮರದ ತುಂಡು ಸಿಕ್ಕಿಸಿಡಿ.

ಬೆತ್ತದ ಬದಲು ಹಲಸಿನ ಅಥವಾ ಶಿವಣೆಯ ಹಲಗೆಯನ್ನೂ ತುಂಬಿಸಿಕೊಡುತ್ತಾರೆ. ಚೆಂದವೇ, ಆದರೆ ಒಂದು ಷರತ್ತು. ಆ ಹಲಗೆಯನ್ನು ಗಾಡಿಯಲ್ಲಿ ಸಡಿಲವಾಗಿ ಬಿಡಬೇಕು, ಫೆವಿಕಾಲ್ ಹಾಕಬಾರದು. ಬೇಸಿಗೆಯಿಂದ ಮಳೆಗಾಲಕ್ಕೆ ಒಂದಡಿ ಅಗಲದ ಹಲಗೆ ಎರಡು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಚೌಕಟ್ಟಿನ ಮೂಲೆ ಬಿಚ್ಚುತ್ತದೆ. ಅಂಟಿಸಿದ್ದರೆ ಮಾರ್ಚಿನಲ್ಲಿ ಕುಗ್ಗುವಾಗ ನಡುವೆ ಸೀಳುತ್ತದೆ.

ಎಂಡಿಎಫ್ ಜಾಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲ ಒರೆಸುವ ನೀರು ಕೆಳಅಂಚಿಗೆ ತಾಗಿ ಅದು ಉಬ್ಬುತ್ತದೆ, ಉಬ್ಬಿದ್ದು ಇಳಿಯುವುದಿಲ್ಲ. ಅಂಚಿನಲ್ಲಿ ಸ್ಕ್ರೂ ಹಿಡಿಯದೆ ಬಿಜಾಗರಿ ಕಿತ್ತು ಬರುತ್ತದೆ. ಬೆಲೆ ಬೆತ್ತದ್ದರ ಅರ್ಧಕ್ಕಿಂತ ಕಡಿಮೆ, ಆಯುಸ್ಸು ಅದಕ್ಕಿಂತಲೂ ಕಡಿಮೆ.

ಕ್ಯಾನ್ವಾಸಿನ ತೆರೆಯಲ್ಲಿ ಬಣ್ಣ, ರೇಖೆ ಎಲ್ಲ ಪಳಗಿದ ಕೈಯವು. ತಪ್ಪಿದ್ದು ಜಾಗದ ಲೆಕ್ಕ. ವೇಷದ ಮುಖ ಸರಿಯಾಗಿ ಎರಡನೆಯ ಮತ್ತು ಮೂರನೆಯ ಹಲಗೆಯ ನಡುವೆ ಬಿದ್ದಿದೆ. ಮಡಿಸಿ ನಿಲ್ಲಿಸಿದ ಕೂಡಲೇ ಮೂಗು ಸಂದಿಗೆ ಸೇರಿ ಎರಡು ಕಣ್ಣು ಹತ್ತಿರ ಬರುತ್ತವೆ, ಕಿರೀಟ ಮುರಿದಂತೆ ಕಾಣುತ್ತದೆ. ಚಪ್ಪಟೆ ಹಾಸಿ ಬರೆದು ಆಮೇಲೆ ಹಲಗೆಗೆ ಬಿಗಿದರೆ ಆಗುವುದೇ ಹೀಗೆ. ಜಪಾನಿನ ಕ್ಯೋತೋದ ಕೆನ್ನಿನ್‌ಜಿ ದೇಗುಲದ ತೆರೆಗಳಲ್ಲಿ 17ನೆಯ ಶತಮಾನದ ಚಿತ್ರಕಾರ ಸೋತಾತ್ಸು, ಗಾಳಿ ಮತ್ತು ಗುಡುಗಿನ ದೇವರಿಬ್ಬರನ್ನೂ ಹೊರ ಅಂಚುಗಳಿಗೆ ಸರಿಸಿ, ನಡುವೆಲ್ಲ ಬಂಗಾರದ ರೇಕು ಮಾತ್ರ ಬಿಟ್ಟ. ಟೋಕಿಯೋದ ನೆಜು ಮ್ಯೂಸಿಯಂನಲ್ಲಿರುವ, ಚಿತ್ರಕಾರ ಕೋರಿನ್‌ನ ಐರಿಸ್ ಹೂಗಳ ಜೋಡಿ ತೆರೆಯಲ್ಲಿ ಆರಾರು ಹಲಗೆಗಳ ಮೇಲೆ ಹೂಗೊಂಚಲು ಏರುತ್ತ ಇಳಿಯುತ್ತ ಸಾಗುತ್ತದೆ. ಮಡಿಕೆಯಲ್ಲಿ ಎರಡು ಹೂ ಒಂದಾದರೂ ನಷ್ಟವಿಲ್ಲ. ಪೋರ್ಚುಗೀಸರ ಹಡಗುಗಳು ನಮ್ಮ ಪಕ್ಕದ ಗೋವಾದಿಂದ ಮಕಾವ್ ದಾಟಿ ನಾಗಾಸಾಕಿಗೆ ಹೋಗುತ್ತಿದ್ದ ಕಾಲದಲ್ಲಿ, 1600ರ ಹಿಂದುಮುಂದು, ಅಲ್ಲಿನ ಚಿತ್ರಕಾರರು ಆ ಹಡಗುಗಳನ್ನೇ ತೆರೆಗಳ ಮೇಲೆ ಬರೆದರು. ಅಷ್ಟು ದೊಡ್ಡ ಒಡಲು ಮಡಿಕೆ ದಾಟಿದರೂ ಕೆಡುವುದಿಲ್ಲ. ಮುಖ ಮಾತ್ರ ಮಡಿಕೆಯನ್ನು ತಾಳುವುದಿಲ್ಲ.

ಆದ್ದರಿಂದ ವೇಷವೇ ಬೇಕೆಂದರೆ ಹಲಗೆಗೊಂದು ವೇಷ ಬರೆಸಿ, ಚೌಕಟ್ಟು ಕಳೆದು ಉಳಿಯುವ 16 ಇಂಚಿನೊಳಗೆ ಕಿರೀಟ ಹಿಡಿಯುವಂತೆ. ಇನ್ನೂ ಸುರಕ್ಷಿತವಾದದ್ದು ಕಾವಿ ಕಲೆಯ ಮಾದರಿ. ನಮ್ಮ ಕರಾವಳಿಯ ಹಳೆ ಗುಡಿಗಳ ಸುಣ್ಣದ ಗೋಡೆಯಲ್ಲಿ ಕೆಮ್ಮಣ್ಣಿನ ಕೆಂಪಿನಿಂದ ಮೂಡಿದ ಬಳ್ಳಿ, ಅಂಚುಗಳು ಮತ್ತೆ ಮತ್ತೆ ಬರುವಂಥವು. ಮಡಿಕೆ ಎಲ್ಲಿ ಬಿದ್ದರೂ ಹೊಂದಿಕೊಳ್ಳುತ್ತವೆ, ಎರಡೇ ಬಣ್ಣವಾದ್ದರಿಂದ ಕೋಣೆಯನ್ನು ನುಂಗುವುದೂ ಇಲ್ಲ.

ಪಾರ್ಸಲ್ಲಿನಲ್ಲಿ ‘ಕೋರಮಂಡಲ’ ಹೆಸರಿನ ಕಪ್ಪು ಮಿರುಗಿನ ತೆರೆಗಳೂ ಬರುತ್ತಿವೆ. ಅಸಲಿ ಕೋರಮಂಡಲ ತೆರೆಗಳು ಚೀನಾದವು. ಹೆಚ್ಚಾಗಿ 12 ಹಲಗೆ. ದಪ್ಪ ಅರಗಿನ ಲೇಪವನ್ನು ಕೊರೆದು ಬಣ್ಣ ತುಂಬಿದ ಕೆಲಸ. ನಮ್ಮ ಪೂರ್ವ ಕರಾವಳಿಯ ಬಂದರುಗಳ ಮೂಲಕ ಯುರೋಪಿಗೆ ಹೋದದ್ದಕ್ಕೆ ಆ ಹೆಸರು. ಈಗ ಬರುವುದು ಪ್ರಿಂಟ್ ಮಾಡಿದ ಹಾಳೆ. ಉಗುರಿನಿಂದ ಅಂಚು ಮುಟ್ಟಿದರೆ ಕೊರೆತ ಸಿಗುವುದಿಲ್ಲ. ಸಹಾರನ್ಪುರದ ಕೆತ್ತನೆಯ ತೆರೆಗಳು ಅದಕ್ಕಿಂತ ಎಷ್ಟೋ ವಾಸಿ, ಆದರೆ ಮಾವಿನ ಮರದ್ದಾದರೆ ಕುಟ್ಟೆ ನೋಡಿ: ಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಹುಡಿ ಇದ್ದರೆ ವಾಪಸು ಕಳಿಸಿ.

ಬೆತ್ತದ ತೆರೆಯ ಕಾಲು ನೇರ ನೆಲಕ್ಕೆ ಕೂರುತ್ತದೆ, ಇದು ಅಂಗಡಿಯ ಇನ್ನೊಂದು ಕೊರತೆ. ಮುಕ್ಕಾಲು ಇಂಚಿನ ರಬ್ಬರ್ ಗುಬ್ಬಿ ಹಾಕಿಸಿ. ಅದಕ್ಕೂ ಮೊದಲು ಕಾಲಿನ ಕೊಯ್ದ ತುದಿಗೆ ಗೇರೆಣ್ಣೆಯನ್ನು ಎರಡು ಸಲ ಹಚ್ಚಿ ಒಣಗಲು ಬಿಟ್ಟರೆ ಒರಲೆ ಸುಲಭಕ್ಕೆ ಹತ್ತಿರ ಬಾರದು. ಕೈಗವಸು ಇಲ್ಲದೆ ಅದನ್ನು ಮುಟ್ಟಬೇಡಿ, ಚರ್ಮ ಸುಡುತ್ತದೆ. ಸಮುದ್ರದ ಕಡೆಯ ಕಿಟಕಿಯ ಎದುರು ತೆರೆ ನಿಲ್ಲಿಸುವುದು ಬೇಡ. ಬೆತ್ತದ ತೂತುಗಳಲ್ಲಿ ಸ್ವಲ್ಪ ಗಾಳಿ ದಾಟಿದರೂ ನಲವತ್ತು ಚದರಡಿಯ ಮೈಗೆ ಸಂಜೆಯ ಗಾಳಿ ಸಾಕು.

ಮರ ಹಸಿಯೋ ಒಣಗಿದ್ದೋ ಎಂದು ಅಂಗಡಿಯವರ ತೇವ ಅಳೆಯುವ ಮೀಟರಿನಲ್ಲೇ ತೋರಿಸಿ ಎನ್ನಿ. ತೇವ ಶೇಕಡಾ 12ರಿಂದ 14ರೊಳಗಿದ್ದರೆ ಮುಂಗಡ ಕೊಡಿ. ಘಟ್ಟ ಇಳಿಸುವಾಗ ಹಲಗೆಗಳನ್ನು ಮಲಗಿಸದೆ, ಮಡಿಸಿ, ನಡುವೆ ಗೋಣಿ ಕೊಟ್ಟು, ನಿಲ್ಲಿಸಿ ಕಟ್ಟಿಸಿ. ಮಲಗಿಸಿದ ತೆರೆಯ ಮೇಲೆ ಡ್ರೈವರ್ ಇನ್ನೊಂದು ಸಾಮಾನು ಇಡದೆ ಬಿಡುವುದಿಲ್ಲ, ನೇಯ್ಗೆ ಹರಿಯುವುದು ಹಾಗೆಯೇ. ಅದೇ ನೇಯ್ಗೆಯ ಎರಡಡಿ ತುಂಡನ್ನು ಬಿಲ್ಲಿನ ಜೊತೆಗೇ ಕೇಳಿ ಇಸಿದುಕೊಳ್ಳಿ. ಮುಂದೆ ಒಂದು ಹಲಗೆ ಹರಿದರೆ ಅದೇ ಬಣ್ಣದ್ದು ಮತ್ತೆ ಸಿಗುವ ಖಾತ್ರಿ ಇಲ್ಲ.