ಬಣ್ಣ ಬೆರೆಸುವ ಶಾಲಾ ಕಿಟ್: ಟಾರ್ಚ್ ಚೆನ್ನ, ಬಾಟಲಿ ಬೇಡ

ಪೆಟ್ಟಿಗೆಯಲ್ಲಿ ಕೆಂಪು, ಹಸಿರು, ನೀಲಿ ಎಲ್‌ಇಡಿ ಟಾರ್ಚ್‌ಗಳು, ಆರು ಫಿಲ್ಟರ್ ಹಾಳೆ, ಮೂರು ಬಾಟಲಿ ಪೋಸ್ಟರ್ ಬಣ್ಣ ಮತ್ತು ತಿರುಗಿಸುವ ಬಣ್ಣದ ತಟ್ಟೆ ಇವೆ. ಬೆಳಕಿನ ಪಾಠಕ್ಕೆ ಧಾರಾಳವಾಗಿ ಕೊಳ್ಳಬಹುದು.

ಟಾರ್ಚ್‌ಗಳದ್ದು ಬಿಳಿ ಬಲ್ಬಿಗೆ ಬಣ್ಣದ ಹಾಳೆ ಸುತ್ತಿದ ಬೆಳಕಲ್ಲ, ಎಲ್‌ಇಡಿಯೇ ಆಯಾ ಬಣ್ಣದ್ದು. ಹಾಗಾಗಿ ಕತ್ತಲೆ ಕೋಣೆಯಲ್ಲಿ, ಹೊಳಪಿಲ್ಲದ ಬಿಳಿ ಹಾಳೆಯ ಮೇಲೆ ಕೆಂಪು-ಹಸಿರು ಸೇರಿದರೆ ನಿಜವಾದ ಹಳದಿಯೇ ಬರುತ್ತದೆ. ಹಳದಿ ಹಸಿರಿಗೆ ವಾಲಿದರೆ ಹಸಿರು ಟಾರ್ಚಿನ ಬಾಯಿಗೆ ಒಂದೆರಡು ಪದರ ಟ್ರೇಸಿಂಗ್ ಪೇಪರ್ ಕಟ್ಟಿ. ಮೂರೂ ಸೇರಿದ ಬಿಳಿ ದಿನ ಕಳೆದಂತೆ ಕೆಂಪೇರತೊಡಗಿದರೆ ಸೆಲ್ ಬದಲಿಸಿ: ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ಹಸಿರು-ನೀಲಿಗೆ ಸುಮಾರು 3 ಬೇಕು, ಸೆಲ್ ಇಳಿದಾಗ ಮೊದಲು ಮಂಕಾಗುವುದು ಇವೆರಡೇ.

ಕೈಪಿಡಿ ಬಿಟ್ಟುಬಿಟ್ಟ ಪ್ರಯೋಗವೇ ಎಲ್ಲಕ್ಕಿಂತ ಮುಖ್ಯವಾದದ್ದು. ಟಾರ್ಚ್‌ಗಳನ್ನು ಅಕ್ಕಪಕ್ಕ ಇಟ್ಟು ಹಾಳೆಯ ಮುಂದೆ ಪೆನ್ಸಿಲ್ ಹಿಡಿಯಿರಿ. ಸಯಾನ್ (ತಿಳಿ ಹಸಿರುನೀಲಿ), ಮಜೆಂಟಾ (ಗಾಢ ಗುಲಾಬಿ), ಹಳದಿ ನೆರಳುಗಳು ಬೀಳುತ್ತವೆ (ಒಂದರ ಮೇಲೊಂದು ಬಿದ್ದರೆ ಪೆನ್ಸಿಲ್ಲನ್ನು ಹಾಳೆಯಿಂದ ತುಸು ದೂರ ಸರಿಸಿ). ಕೆಂಪು ಮರೆಯಾದ ಕಡೆ ಉಳಿಯುವುದು ಹಸಿರು-ನೀಲಿ, ಅಂದರೆ ಸಯಾನ್. ಸಯಾನ್ ಶಾಯಿ ಮಾಡುವುದೂ ಇದನ್ನೇ, ಕೆಂಪನ್ನು ನುಂಗುವುದು. ಬೆಳಕಿನ ಪಾಠದಿಂದ ಕುಂಚದ ಪಾಠಕ್ಕೆ ದಾಟಲು ಇದಕ್ಕಿಂತ ಸಲೀಸು ದಾರಿಯಿಲ್ಲ.

ಅದರ ಬದಲು ಕೈಪಿಡಿ, ಕೆಂಪು ಮತ್ತು ಹಸಿರು ಫಿಲ್ಟರ್‌ಗಳನ್ನು ಒಂದೇ ಬಿಳಿ ಬೆಳಕಿನ ಮೇಲೆ ಪೇರಿಸಿ ಹಳದಿ ನೋಡಿ ಅನ್ನುತ್ತದೆ. ಹಳದಿ ಎಲ್ಲಿಂದ ಬರಬೇಕು? ಒಂದು ಬಿಟ್ಟದ್ದನ್ನು ಇನ್ನೊಂದು ತಡೆದು ಕತ್ತಲಷ್ಟೇ ಉಳಿಯುತ್ತದೆ. ಹಳದಿಯ ಮೇಲೆ ಸಯಾನ್ ಫಿಲ್ಟರ್ ಇಟ್ಟು ಹಸಿರು ತೋರಿಸಿ, ಅದನ್ನೂ ವರ್ಣದ್ರವ್ಯದ ಪಾಠದಲ್ಲಿ ತೋರಿಸಿ.

ಬಾಟಲಿಗಳಲ್ಲಿರುವುದು ಕೆಂಪು, ನೀಲಿ, ಹಳದಿ. ಕೆಂಪು-ನೀಲಿ ಬೆರೆಸಿದರೆ ನೇರಳೆಯ ಬದಲು ಕಂದು ಕೆಸರು: ಕೆಂಪು ಬಣ್ಣ ಹಸಿರು-ನೀಲಿಯನ್ನು ನುಂಗುತ್ತದೆ, ನೀಲಿ ಬಣ್ಣ ಕೆಂಪನ್ನು, ಹಿಂದಿರುಗುವ ಬೆಳಕು ಅತ್ಯಲ್ಪ. ಬದಲಿಗೆ ಸಯಾನ್, ಮಜೆಂಟಾ, ಹಳದಿ ಬಣ್ಣ ಕೊಳ್ಳುವಾಗ ಲೇಬಲ್ಲಿನಲ್ಲಿ ವರ್ಣದ್ರವ್ಯದ ಸಂಕೇತ ಸಯಾನ್‌ಗೆ ಪಿಬಿ15:3, ಮಜೆಂಟಾಕ್ಕೆ ಪಿಆರ್122, ಹಳದಿಗೆ ಪಿವೈ3 ಇದೆಯೇ ನೋಡಿ. ಸಯಾನ್ ಬಲು ಜೋರು. ಹಳದಿಗೆ ಅದನ್ನು ತೊಟ್ಟುತೊಟ್ಟಾಗಿ ಸೇರಿಸಿ, ಎಂದೂ ತಿರುವುಮುರುವು ಬೇಡ. ಮೂರೂ ಸೇರಿದಾಗ ಸಿಗುವುದು ಗಾಢ ಕಂದು, ಅಪ್ಪಟ ಕಪ್ಪಲ್ಲ. ಮುದ್ರಕರು ಕಪ್ಪು ಶಾಯಿಯನ್ನು ಬೇರೆಯಾಗಿ ಬಳಸುವುದಕ್ಕೆ ಇದೂ ಒಂದು ಕಾರಣ.

ತಟ್ಟೆ ತಿರುಗಿದಾಗ ಬಿಳಿ ಕಾಣುವುದೆಂಬ ಮಾತೂ ಪೂರ್ತಿ ಸರಿಯಲ್ಲ. ಪ್ರತಿ ಬಣ್ಣವೂ ಕಣ್ಣಿಗೆ ಬೀಳುವುದು ಒಂದು ಪಾಲು ಹೊತ್ತು ಮಾತ್ರ, ಆದ್ದರಿಂದ ಕಾಣುವುದು ಬೂದು. "ಬೂದು" ಎಂದು ಬರೆದ ಮಗುವಿಗೆ ಅಂಕ ಕೊಡಿ.